ಬೆಟ್ಟದ ಸಾಲಿನ ಮನೆಗಳು

ವೆಂಕಟನ ಕೈಯಿಂದ ಶೋಭಾರಾಣಿ ಪಟಾಕಿ ಸರವನ್ನು ಕಿತ್ತುಕೊಂಡಾಗ ತಮಟೆಯವರು ಬಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

"ಏನಕ್ಕಾ ಇದು? ಅತ್ತೆ ಹೆಣ ಅಂಗಳದಲ್ಲಿರುವಾಗ ಹಿಂಗಾ ಆಡೋದು?" ಎಂದ ವೆಂಕಟ. ಅವನು ಪಕ್ಕದ ಮನೆಯ ಶ್ರೀನಿವಾಸಪ್ಪನ ಅಳಿಯ. ಮಾಲೂರಿನಿಂದ ಬೈಕಿನಲ್ಲಿ ಪಟಾಕಿ ಚೀಲ ಕಟ್ಟಿಕೊಂಡು ಬಂದಿದ್ದ.

"ಬೆಟ್ಟದ ಹುಲ್ಲು ನೋಡಿದ್ಯಾ ವೆಂಕಟ್? ಒಂದು ಕಿಡಿ ಸಾಕು. ಕೆರೆ ದಾಟಿದ ಮೇಲೆ ಎಷ್ಟು ಬೇಕಾದ್ರೂ ಹಚ್ಚು. ಇಲ್ಲಿ ಬೇಡ."

"ಸತ್ತ ಮೇಲಾದ್ರೂ ಅತ್ತೆಗೆ ಮರ್ಯಾದೆ ಕೊಡಬಾರ್ದಾ," ಎಂದು ಹೆಂಗಸರ ಗುಂಪಿನಿಂದ ಯಾರೋ ಗೊಣಗಿದರು.

ಒದ್ದೆ ಪಂಚೆ ಸುತ್ತಿಕೊಂಡು ಬರಿಮೈಯಲ್ಲಿ ಚಟ್ಟದ ಬಳಿ ನಿಂತಿದ್ದ ಅವಳ ಗಂಡ ಕಾಂತರಾಜ್ ತಲೆಯೆತ್ತಿದ. "ಅವಳು ಹೇಳಿದ್ದು ಸರಿ. ಅಮ್ಮ ಇದ್ದಿದ್ರೂ ಇದನ್ನೇ ಹೇಳ್ತಿದ್ಲು."

"ನಿಮ್ಮಮ್ಮ ಇದ್ದಿದ್ರೆ ನಮ್ಮನ್ನ ಒಲೆ ಹಚ್ಚೋಕೂ ಬಿಡ್ತಿರ್ಲಿಲ್ಲ ಬಿಡಪ್ಪಾ," ಎಂದ ಶ್ರೀನಿವಾಸಪ್ಪ. ಸಾವಿನ ಮನೆಯೆಂಬುದನ್ನೂ ಮರೆತು ನಾಲ್ಕಾರು ಜನ ನಕ್ಕರು. ನಂತರ ಅವನೇ ಮೆತ್ತಗಾಗಿ, "ಕೆರೆ ಹತ್ರವೇ ಹೊಡೀತಾನೆ. ಕೊಡಮ್ಮಾ," ಎಂದು ಕೈ ಚಾಚಿದ.

ಎಲ್ಲರೂ ನೋಡುತ್ತಿದ್ದರು. ಶೋಭಾ ಸರವನ್ನು ಕೊಟ್ಟುಬಿಟ್ಟಳು.

*

ಪ್ರತಿ ವರ್ಷ ಸಂಕ್ರಾಂತಿ ಕಳೆಯಿತೆಂದರೆ ಶೋಭಾಳ ಅತ್ತೆ ಮುನಿಯಲ್ಲಮ್ಮ ಸೆರಗು ಬಿಗಿದು, ಪೊರಕೆ ಕುಡುಗೋಲು ಹಿಡಿದು ಮನೆಗಳ ಹಿಂದಿನ ಬಯಲಿಗೆ ಇಳಿಯುತ್ತಿದ್ದಳು. ಬೆಟ್ಟಕ್ಕೂ ಊರಿಗೂ ನಡುವೆ ಇದ್ದದ್ದು ನೀಲಗಿರಿ ತೋಪು ಮಾತ್ರ. ತೋಪಿನ ಅಂಚಿನುದ್ದಕ್ಕೂ ಹುಲ್ಲು ಕೊಯ್ದು, ತರಗು ಗುಡಿಸಿ, ಎತ್ತಿನ ಗಾಡಿ ಹೋಗುವಷ್ಟು ಅಗಲ ನೆಲವನ್ನು ಬೋಳು ಮಾಡುತ್ತಿದ್ದಳು. ಆಮೇಲೆ ಆ ಸಾಲಿನ ಮನೆಮನೆಗೂ ಹೋಗಿ ಕಾಟ ಕೊಡುತ್ತಿದ್ದಳು. "ಶೀಟಿನ ಮೇಲೆ ಎಷ್ಟು ಎಲೆ ಬಿದ್ದಿದೆ ನೋಡು. ಸೌದೆ ಗೋಡೆಗೆ ಒರಗಿಸಬೇಡ. ಡ್ರಮ್ಮು ತುಂಬಿಸಿಡೇ." ಮಕ್ಕಳು ಅವಳನ್ನು ಪೊರಕೆ ಅಜ್ಜಿ ಎನ್ನುತ್ತಿದ್ದರು. ದೊಡ್ಡವರು ಅವಳು ಬರುವುದನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮದುವೆಯಾದ ಹೊಸತರಲ್ಲಿ, ಅವಳು ರಾಗಿ ಹೊಲದಲ್ಲಿದ್ದಾಗ ಬೆಟ್ಟದ ಬೆಂಕಿ ಇಳಿದು ಬಂದು ಅವಳ ಹುಲ್ಲಿನ ಗುಡಿಸಲನ್ನು ಸುಟ್ಟಿತ್ತಂತೆ. ಗೂಟಕ್ಕೆ ಕಟ್ಟಿದ್ದ ಹಸು ಹಗ್ಗ ಹರಿದುಕೊಳ್ಳಲಾರದೆ ಅಲ್ಲೇ ಸತ್ತಿತ್ತು. ಇದನ್ನು ಶೋಭಾಗೆ ಹೇಳಿದ್ದು ಗಂಡ. ಅತ್ತೆ ಆ ಮಾತನ್ನು ಒಮ್ಮೆಯೂ ಎತ್ತಿದವಳಲ್ಲ.

ಈ ವರ್ಷ ಉಬ್ಬಸ ಹೆಚ್ಚಾಗಿ ಮುನಿಯಲ್ಲಮ್ಮನಿಗೆ ನಾಲ್ಕು ಹೆಜ್ಜೆಗೇ ಕೂರಬೇಕಾಗುತ್ತಿತ್ತು. ನರಸಾಪುರದ ಕಂಪನಿ ಬಸ್ಸಿಳಿದು ಬಂದ ಸೊಸೆಯ ಕೈಗೆ ಪೊರಕೆ ಕೊಟ್ಟಳು.

"ಅತ್ತೇ, ಬೆಳಿಗ್ಗೆಯಿಂದ ನಿಂತೂ ನಿಂತೂ ಕಾಲು ಬಿದ್ದುಹೋಗಿದೆ. ನಾಳೆ ಗುಡಿಸಿದ್ರೆ ಬೆಟ್ಟ ಓಡಿಹೋಗುತ್ತಾ?"

"ಬೆಟ್ಟ ಓಡಲ್ಲ ಕಣೇ. ಬೆಂಕಿ ಓಡುತ್ತೆ."

ಬೈದುಕೊಳ್ಳುತ್ತಲೇ ಶೋಭಾ ಗುಡಿಸಿದಳು. ಶ್ರೀನಿವಾಸಪ್ಪನ ಮನೆಯ ಹಿಂದೆ ಬಂದಾಗ ಅವನು ಅಡ್ಡ ನಿಂತ. ಅಲ್ಲಿ ದನದ ಕೊಟ್ಟಿಗೆಗೆ ಒತ್ತಿಕೊಂಡೇ ಅವನ ಹುಲ್ಲಿನ ಬಣವೆ ಇತ್ತು. "ನಮ್ಮ ಜಾಗಕ್ಕೆ ಬರಬೇಡಿ ತಾಯೀ. ವದ್ದು, ಬೇಡ," ಎಂದ. ಜಗಲಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಮುನಿಯಲ್ಲಮ್ಮ, "ಶೀನಾ, ಕೈ ಮುಗೀತೀನಿ ಕಣೋ," ಎಂದಳು. ಅವನು ಒಳಗೆ ಹೋದ. ಅಷ್ಟು ಜಾಗ ಹಾಗೇ ಉಳಿಯಿತು.

*

ಊರ ಕೊನೆಯ ಹೊಂಗೆ ಮರದವರೆಗೆ ಬಂದು ಹೆಂಗಸರು ನಿಂತರು. ಸ್ಮಶಾನಕ್ಕೆ ಹೋಗುವ ಪದ್ಧತಿ ಅವರಿಗಿರಲಿಲ್ಲ. ಚಟ್ಟ ಹೊತ್ತವರು ತೋಪಿನ ಪಕ್ಕದ ದಾರಿಯಲ್ಲಿ ತಿರುಗಿ ಮರೆಯಾದರು. ಶೋಭಾ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಪಟಪಟನೆ ಸದ್ದು ಕೇಳಿಸಿತು. ಕೆರೆ ಇನ್ನೂ ದೂರವಿತ್ತು.

ಅವಳು ತೋಪಿನ ಕಡೆ ನೋಡಿದಳು. ಮೊದಲು ಎಳೆಯಷ್ಟು ಹೊಗೆ ಎದ್ದಿತು. ಬೆಟ್ಟದ ಕಡೆಯಿಂದ ಬಿಸಿಗಾಳಿ ಬೀಸಿ ಅದನ್ನು ಊರಿನತ್ತ ಬಗ್ಗಿಸಿತು. ನೋಡನೋಡುತ್ತ ತರಗೆಲೆ ಚಟಚಟ ಎನ್ನತೊಡಗಿತು.

"ಗೋಣಿಚೀಲ ನೆನೆಸಿಕೊಳ್ಳಿ! ಹೊಂಗೆ ಕೊಂಬೆ ಮುರೀರಿ!" ಶೋಭಾ ಕೂಗುತ್ತ ಓಡಿದಳು. "ನಮ್ಮನೆ ಮುಂದಿನ ಶಾಮಿಯಾನ ಕಿತ್ತಾಕಿ ಮೊದ್ಲು, ಕಿಡಿ ಬಿದ್ರೆ ಹೊತ್ಕೊಳ್ಳುತ್ತೆ!"

ಮರ್ಯಾದೆಯ ಮಾತಾಡಿದ್ದ ಹೆಂಗಸೇ ಶಾಮಿಯಾನದ ಗಳವನ್ನು ತಬ್ಬಿ ಉರುಳಿಸಿದಳು. ಯಾರೋ ಕೋಲಾರಕ್ಕೆ ಫೋನು ಮಾಡಿ, ಫೈರ್ ಇಂಜಿನ್ ಹೊರಟಿದೆ ಎಂದರು. ಅದು ಬರುವವರೆಗೆ ಬೆಂಕಿ ಕಾಯುವಂತಿರಲಿಲ್ಲ. ಚಟ್ಟ ಹೊತ್ತಿದ್ದ ಗಂಡಸರೂ ತಮ್ಮ ತಮ್ಮ ಮನೆಗಳತ್ತ ಓಡಿ ಬಂದರು.

ಗುಡಿಸಿದ ನೆಲದ ಅಂಚಿಗೆ ಬಂದು ಬೆಂಕಿ ತಗ್ಗಿತು. ಹಾರಿಬಂದ ಕಿಡಿಗಳನ್ನು ಹೆಂಗಸರು ಹಸಿಕೊಂಬೆಯಿಂದ ಬಡಿದು ಆರಿಸಿದರು. ಶ್ರೀನಿವಾಸಪ್ಪನ ಮನೆಯ ಹಿಂದೆ ಮಾತ್ರ ಅದಕ್ಕೆ ದಾರಿ ಸಿಕ್ಕಿತು. ಬಣವೆ ಹೊತ್ತಿಕೊಂಡಿತು.

ಶ್ರೀನಿವಾಸಪ್ಪ ಕೊಡಗಟ್ಟಲೆ ನೀರನ್ನು ಬಣವೆಗೆ ಎರಚುತ್ತಿದ್ದ. "ಅಣ್ಣಾ, ಹುಲ್ಲು ಬಿಡಿ! ಅದು ಹೋಯ್ತು! ಗೋಡೆಗೆ ಹಾಕಿ ನೀರನ್ನ!" ಎಂದು ಶೋಭಾ ಅವನ ರಟ್ಟೆ ಹಿಡಿದು ಎಳೆದಳು. ಕೊಟ್ಟಿಗೆಯೊಳಗೆ ಹಸುಗಳೆರಡೂ ಬೆದರಿ ಹಗ್ಗ ಜಗ್ಗುತ್ತಿದ್ದವು, ಗಂಟು ಬಿಗಿದುಹೋಗಿತ್ತು. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಎಳೆದುಕೊಂಡು ಅವಳು ಒಂದೊಂದೇ ಹಗ್ಗ ಕೊಯ್ದಳು. ಎರಡನೆಯ ಹಸು ಅವಳನ್ನು ಒತ್ತಿಕೊಂಡೇ ಹೊರಗೆ ನುಗ್ಗಿತು. ಹಿಂದೆಯೇ ಮಾಡು ಕುಸಿಯಿತು.

ಬಣವೆಯೂ ಕೊಟ್ಟಿಗೆಯೂ ಬೂದಿಯಾದವು. ಮನೆ ಉಳಿಯಿತು. ಶ್ರೀನಿವಾಸಪ್ಪ ಖಾಲಿ ಕೊಡ ಹಿಡಿದುಕೊಂಡು ಕಪ್ಪಾದ ಗೋಡೆಯ ಮುಂದೆ ಕೂತುಬಿಟ್ಟ. ವೆಂಕಟ ಎಲ್ಲೂ ಕಾಣಲಿಲ್ಲ.

ಆಗ ಶೋಭಾಗೆ ನೆನಪಾಯಿತು: ಗಂಡ ಎಲ್ಲಿ? ಅತ್ತೆ ಎಲ್ಲಿ?

ಅವಳು ಹೊಂಗೆ ಮರ ದಾಟಿ ಓಡಿದಳು. ತಿರುವಿನಾಚೆ ದಾರಿಯ ನಡುವೆ ಚಟ್ಟ ಇಳಿಸಿಟ್ಟಿದ್ದರು. ಒಂದು ಬದಿಗೆ ತೋಪು ಇನ್ನೂ ಹೊಗೆಯಾಡುತ್ತಿತ್ತು. ಸುತ್ತ ಒಬ್ಬರೂ ಇರಲಿಲ್ಲ. ಕಾಂತರಾಜ್ ಒಬ್ಬನೇ ಚಟ್ಟದ ಮೇಲೆ ಬಾಗಿ, ಎರಡೂ ಕಡೆ ಕೈಯೂರಿ, ಬೆನ್ನನ್ನೇ ಮಾಡಿನಂತೆ ಮಾಡಿಕೊಂಡು ಮಂಡಿಯೂರಿದ್ದ. ಬರಿಬೆನ್ನಿನ ತುಂಬ ಕಿಡಿ ಬಿದ್ದ ಕೆಂಪು ಬೊಬ್ಬೆಗಳು.

"ಮನೆ?" ಎಂದ, ತಲೆಯೆತ್ತದೆ.

"ಇದೆ ಕಣ್ರೀ."

"ಶೀನಣ್ಣಂದು?"

"ಅದೂ ಇದೆ. ಹಸುಗಳೂ ಇವೆ."

ಶೋಭಾ ಅವನ ಹೆಗಲು ಹಿಡಿದು ನಿಧಾನವಾಗಿ ಹಿಂದಕ್ಕೆ ಕೂರಿಸಿದಳು. ದಾರಿಯ ಕಲ್ಲುಗಳ ಮೇಲೆ, ಚಟ್ಟದ ಬಿದಿರಿನ ಮೇಲೆ, ಕಾಲ ಬಳಿಯ ಚೆಂಡುಹೂವಿನ ಮೇಲೆ ಬೂದಿ ತೆಳ್ಳಗೆ ಕೂತಿತ್ತು. ಮುನಿಯಲ್ಲಮ್ಮನ ಮುಖದ ಮೇಲೆ ಒಂದು ಚೂರೂ ಬಿದ್ದಿರಲಿಲ್ಲ.