ದುಡ್ಡು ಕೊಟ್ಟ ಮೇಲೆ ಮಾಯವಾದ ಸದ್ದು

ನನ್ನ ನೆನಪಿನ ಮೇಲೆ ಅನುಮಾನ ಪಡುವವರು ಮೊದಲು ತಮ್ಮ ಕನ್ನಡಕ ಎಲ್ಲಿಟ್ಟಿದ್ದೇವೆ ಎಂದು ಹೇಳಲಿ, ಆಮೇಲೆ ಬಾಯಿ ತೆರೆಯಲಿ. ಹೋದ ವಾರ ಟಿಂಗಣ್ಣನ ಹೆಸರೆತ್ತಿದ್ದೇ ತಡ, ‘ತಾತ ಸುಮ್ನೆ ಕಟ್ಟಿ ಹೇಳ್ತಾರೆ’ ಎಂದು ಫೋನಿನ ಗುಂಪಿನಲ್ಲಿ ಬರೆದು ಕೆಳಗೆ ಹಲ್ಲು ಕಿರಿಯುವ ಮುಖ ಬೇರೆ ಹಾಕಿದ್ದೀರಿ. ಕಟ್ಟಿ ಹೇಳುವುದಾಗಿದ್ದರೆ ಇದಕ್ಕಿಂತ ಚೆನ್ನಾಗಿ ಕಟ್ಟುತ್ತಿದ್ದೆ. ಆ ಸೋಮವಾರ ಟಿಂಗಣ್ಣನ ಕೈಯಲ್ಲಿ ಯಾವ ಬಣ್ಣದ ಬಕೆಟ್ ಇತ್ತು ಎಂದೂ ಹೇಳಬಲ್ಲೆ. ನೀಲಿ. ಹಿಡಿ ಮುರಿದು ಆ ಜಾಗದಲ್ಲಿ ಹಗ್ಗ ಕಟ್ಟಿತ್ತು. ಸಾಕೇ? ಈಗ ಸುಮ್ಮನೆ ಕೂತು ಕೇಳಿ. ನಡುವೆ ಹೆಬ್ಬೆರಳಿನ ಚಿತ್ರ ಕಳಿಸಬೇಡಿ, ಫೋನು ಕುಂಯ್ ಎಂದರೆ ಎಳೆ ತಪ್ಪುತ್ತದೆ.

ಟಿಂಗಣ್ಣನಿಗೆ ಆ ಹೆಸರು ಬಂದಿದ್ದು ಕಸುಬಿನಿಂದ. ಲಿಫ್ಟಿನ ಬಾಗಿಲು ತೆರೆಯುವಾಗ ‘ಟಿಂಗ್’ ಎನ್ನುತ್ತದಲ್ಲ, ಬ್ಯಾಂಕಿನಲ್ಲಿ ಟೋಕನ್ ನಂಬರು ಬದಲಾದಾಗ ‘ಟಿಣ್ ಟೊಣ್’ ಎನ್ನುತ್ತದಲ್ಲ, ಅಂಥವನ್ನು ಮಾಡಿಕೊಡುವುದು ಅವನ ಕೆಲಸ. ಜನ ಅವನ ಸಂಗೀತವನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು, ಒಬ್ಬನಾದರೂ ಚಪ್ಪಾಳೆ ತಟ್ಟಿದವನಲ್ಲ. ಅಡುಗೆಮನೆಯ ಪಕ್ಕದ ಉಗ್ರಾಣವನ್ನು ಖಾಲಿ ಮಾಡಿ, ಗೋಡೆಗೆಲ್ಲ ಹಳೆ ಹಾಸಿಗೆಯ ಸ್ಪಂಜು ಬಡಿದು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ. ಒಳಗೆ ಒಬ್ಬ ಕೂರಬಹುದು, ಇನ್ನೊಬ್ಬ ನಿಲ್ಲಬಹುದು. ಮೂರನೆಯವನು ಬರಬೇಕಾದರೆ ಮೊದಲನೆಯವನು ಎದ್ದು ಹೋಗಬೇಕು.

ಅವನ ಕಣ್ಣು ಒಂದು ಸಿಂಥಸೈಜರಿನ ಮೇಲೆ ಬಿದ್ದಿತ್ತು. ಸಿಂಥಸೈಜರ್ ಅಂದರೆ ಸದ್ದು ಹುಟ್ಟಿಸುವ ವಾದ್ಯ. ಹಿಂದೆ ಅದು ಬೀರುವಿನಷ್ಟು ದೊಡ್ಡದಿರುತ್ತಿತ್ತು. ಈಗ ವಾದ್ಯವೇ ಇಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಅದರ ಚಿತ್ರ ಮಾತ್ರ. ಇವನು ಕಣ್ಣು ಹಾಕಿದ್ದರಲ್ಲಿ ನಾಲ್ಕು ಸಾವಿರ ಸದ್ದುಗಳಿದ್ದವು, ಒಂದೊಂದಕ್ಕೂ ತಿರುಗಿಸಲು ಅರವತ್ತು ಗುಂಡಿಗಳು. ಬೆಲೆ ಒಂದು ಒಳ್ಳೆಯ ವಾಷಿಂಗ್ ಮಷೀನಿನಷ್ಟು. ಇದು ನನ್ನ ಹೋಲಿಕೆಯಲ್ಲ, ಅವನ ಹೆಂಡತಿಯದು. ಯಾಕೆಂದರೆ ಮನೆಯ ವಾಷಿಂಗ್ ಮಷೀನು ಕೆಟ್ಟು ಕೂತಿತ್ತು, ಹೊಸದಕ್ಕೆಂದು ಎತ್ತಿಟ್ಟ ದುಡ್ಡು ಬೀರುವಿನಲ್ಲಿತ್ತು.

“ಮುಟ್ಟಲಾಗದ ವಸ್ತುವಿಗೆ ಅಷ್ಟು ದುಡ್ಡಾ ರೀ?” ಎಂದು ಅವಳು ಕೇಳಿದ್ದಳು. “ಮಷೀನಾದ್ರೆ ಕೆಟ್ಟ ಮೇಲೆ ಗುಜರಿಗಾದ್ರೂ ಹಾಕಬಹುದು.”

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅತ್ತೆ. ಮೂವತ್ನಾಲ್ಕು ವರ್ಷ ಸಾರ್ವಜನಿಕ ಗ್ರಂಥಾಲಯ ನಡೆಸಿ, ನಿವೃತ್ತರಾಗಿ ಮಗಳ ಮನೆಗೆ ಬಂದವರು. ಪಕ್ಕದವರು ಜೋರಾಗಿ ಉಸಿರಾಡಿದರೂ ತಿರುಗಿ ನೋಡುವ ಹೆಂಗಸು. ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿ ನಂಬರು ಕೊಟ್ಟಿದ್ದರು.

“ನಾಲ್ಕು ಸಾವಿರ ಸದ್ದಾ?” ಎಂದರು ಅತ್ತೆ. “ಅಳಿಯಂದ್ರೇ, ನಿಮಗೆ ಬೇಕಾಗಿರೋದು ಒಂದು ಟಿಂಗು.”

ಸರಿ, ಆ ಕಂಪನಿಯವರು ಹದಿನಾಲ್ಕು ದಿನ ಬಿಟ್ಟಿಯಾಗಿ ಬಳಸಿ ನೋಡಿ ಎಂದು ಬಿಟ್ಟಿದ್ದರು. ಟಿಂಗಣ್ಣ ಇಳಿಸಿಕೊಂಡ. ಬಿಟ್ಟಿ ಎಂದ ಮೇಲೆ ಒಂದು ಕೊಕ್ಕೆ ಇರಲೇಬೇಕಲ್ಲ? ಮುಕ್ಕಾಲು ನಿಮಿಷಕ್ಕೊಮ್ಮೆ ಅದು ನುಡಿಸುವ ಸದ್ದಿನ ಮೇಲೆ ತಾನೇ ತಾನಾಗಿ ‘ಸ್ಸ್ಸ್’ ಎನ್ನುತ್ತಿತ್ತು, ಟೈರಿನ ಗಾಳಿ ಬಿಟ್ಟ ಹಾಗೆ. ದುಡ್ಡು ಕೊಡದವನಿಗೆ ಕಿರಿಕಿರಿಯಾಗಲಿ, ಬೇಗ ಕೊಂಡುಕೊಳ್ಳಲಿ ಎಂದು ಕಂಪನಿಯೇ ಬೇಕೆಂದು ಇಟ್ಟ ಸದ್ದು. ಮೊದಲ ದಿನ ಟಿಂಗಣ್ಣ ಪ್ರತಿ ‘ಸ್ಸ್ಸ್’ಗೂ ಬೈದ. ಮೂರನೆಯ ದಿನ ಹಲ್ಲು ಕಚ್ಚಿದ. ವಾರ ಕಳೆಯುವಷ್ಟರಲ್ಲಿ ಅವನ ಕಿವಿಗೆ ಅದು ಕೇಳಿಸುವುದೇ ನಿಂತುಹೋಯಿತು, ಗೋಡೆ ಗಡಿಯಾರದ ಟಿಕ್‌ಟಿಕ್ ನಮಗೆ ಕೇಳಿಸದ ಹಾಗೆ. ಈ ಮಾತು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಿ, ಮುಂದೆ ಇದರಿಂದಲೇ ಎಡವಟ್ಟು.

ಹನ್ನೆರಡನೆಯ ದಿನ ಬಸ್ ಯಜಮಾನರಿಂದ ಕರೆ ಬಂತು. ಡ್ರೈವರಾಗಿ ಶುರುಮಾಡಿ, ಈಗ ನಲವತ್ತು ಬಸ್ಸುಗಳ ಒಡೆಯರಾದವರು. ಬಸ್ಸು ಪ್ರತಿ ಸ್ಟಾಪಿಗೆ ಬಂದಾಗಲೂ ಒಳಗೆ ಒಂದು ಪುಟ್ಟ ರಾಗ ಕೇಳಿಸಬೇಕಂತೆ. ಟಿಂಗಣ್ಣ ಆರು ಸ್ವರದ ಒಂದು ರಾಗ ಕಟ್ಟಿ, ಅದನ್ನು ಹೊಸ ಸಿಂಥಸೈಜರಿನ ಹತ್ತು ಬೇರೆ ಬೇರೆ ಸದ್ದುಗಳಲ್ಲಿ ಸಾಲಾಗಿ ನುಡಿಸಿ, ಮಾದರಿಗೆಂದು ಕಳಿಸಿಕೊಟ್ಟ. ಗುರುವಾರ ಯಜಮಾನರ ಫೋನು.

“ಮೇಷ್ಟ್ರೇ, ನಾಲ್ಕನೇದು! ಏನ್ ಮಾಡಿದೀರ್ರೀ! ಬೇರೆ ಒಂಬತ್ತೂ ತಗೊಂಡೋಗಿ ಬಾವಿಗೆ ಹಾಕಿ. ನಾಲ್ಕನೇದು ಕೇಳಿ ಮೈ ಜುಂ ಅಂತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸ್ಪೀಕರ್ ಹಾಕೋರು ಬರ್ತಾರೆ, ಅಷ್ಟೊತ್ತಿಗೆ ಕೊಟ್ಬಿಡಿ.”

ಬಿಟ್ಟಿ ಅವಧಿಯಲ್ಲಿ ಮಾಡಿದ್ದನ್ನು ಮಾರುವಂತಿಲ್ಲ ಎಂಬ ಕರಾರಿತ್ತು. ಟಿಂಗಣ್ಣ ಎಂಥ ಪೆದ್ದನಾದರೂ ಕಳ್ಳನಲ್ಲ. ಅಡುಗೆಮನೆಗೆ ಹೋಗಿ ಎದೆಯುಬ್ಬಿಸಿ ನಿಂತ.

“ನೋಡಿದ್ಯಾ? ನಾಲ್ಕು ಸಾವಿರದಲ್ಲಿ ಒಂದು ಸದ್ದಿಗೆ ನಲವತ್ತು ಬಸ್ಸು ಬಿತ್ತು. ಈಗಲಾದ್ರೂ ಹೇಳು, ಬೆಲೆ ಬಾಳುತ್ತೋ ಇಲ್ವೋ?”

ಹೆಂಡತಿ ಬೀರುವಿನ ಬೀಗದಕೈ ಮೇಜಿನ ಮೇಲೆ ಇಟ್ಟಳು. ಆದರೆ ಬೆರಳನ್ನು ಅದರ ಮೇಲಿಂದ ತೆಗೆಯಲಿಲ್ಲ.

“ಈ ಕೆಲಸ ಕೈಗೆ ಹತ್ತೋವರೆಗೂ ಮನೆ ಬಟ್ಟೆ ಎಲ್ಲಾ ನೀವೇ ಒಗೀಬೇಕು. ಸೋಮವಾರ ಕೈ ತಪ್ಪಿತೋ, ಸ್ಟುಡಿಯೋದಲ್ಲಿ ಬಟ್ಟೆ ಒಣಗಿಸೋ ಹಗ್ಗ ಕಟ್ತೀನಿ. ನೀವು ಮಂಗಳವಾರದಿಂದ ನಮ್ಮಣ್ಣನ ಟೈಲ್ಸ್ ಅಂಗಡೀಲಿ ಕೂರ್ತೀರಿ. ಒಪ್ಪಿಗೆನಾ?”

ಆ ಅಣ್ಣ ಐದು ವರ್ಷದಿಂದ ಕರೆಯುತ್ತಲೇ ಇದ್ದ. ಅಲ್ಲಿ ಒಡಕಿದೆಯೇ ಎಂದು ದಿನವಿಡೀ ಟೈಲ್ಸಿನ ಬೆನ್ನು ತಟ್ಟಿ ಸದ್ದು ಕೇಳುವ ಕೆಲಸ ಇದೆ, ನಿನ್ನ ಕಿವಿಗೆ ಹೇಳಿ ಮಾಡಿಸಿದ್ದು ಎಂದು ಗೇಲಿ ಬೇರೆ. ಆದರೂ ಟಿಂಗಣ್ಣ ಗತ್ತಿನಿಂದ “ಒಪ್ಪಿಗೆ” ಎಂದ.

ದುಡ್ಡು ಕಟ್ಟಿದ. ನಾಲ್ಕನೆಯದನ್ನು ಹೊಸದಾಗಿ, ಅಚ್ಚುಕಟ್ಟಾಗಿ ನುಡಿಸಿ ಶುಕ್ರವಾರ ಕಳಿಸಿದ. ಹತ್ತು ನಿಮಿಷಕ್ಕೆ ಫೋನು.

“ಮೇಷ್ಟ್ರೇ, ಇದು ಅದಲ್ಲ.”

“ಅದೇ ಯಜಮಾನ್ರೇ. ಅದೇ ರಾಗ, ಅದೇ ಸದ್ದು.”

“ಜೀವ ತೆಗೆದುಬಿಟ್ಟಿದೀರಿ. ಕೊನೇಲಿ ‘ಸ್ಸ್ಸ್’ ಅಂತಿತ್ತಲ್ಲ, ಬಾಗ್ಲು ತೆಗೆದಂಗೆ? ಅದಕ್ಕೇ ಅಲ್ವೇನ್ರೀ ನಾನು ಬಿದ್ದೋಗಿದ್ದು! ಟಿಂಗು ಯಾರು ಬೇಕಾದ್ರೂ ಮಾಡ್ತಾರೆ. ಆ ‘ಸ್ಸ್ಸ್’ ಬೇಕು ನಂಗೆ.”

ಟಿಂಗಣ್ಣ ಹಳೆಯ ಮಾದರಿಯನ್ನು ಹಾಕಿ ಕೇಳಿದ. ಒಂದನೆಯದು, ಎರಡನೆಯದು, ಮೂರನೆಯದು. ನಾಲ್ಕನೆಯದರ ಕೊನೆಯ ಟಿಂಗಿನ ಬಾಲಕ್ಕೆ ಸರಿಯಾಗಿ, ಮುಕ್ಕಾಲು ನಿಮಿಷಕ್ಕೆ, ಕೂತಿತ್ತು ಮಹಾರಾಯ, ಆ ಬಿಟ್ಟಿ ‘ಸ್ಸ್ಸ್’. ಯಜಮಾನರು ಮೆಚ್ಚಿದ್ದು ನಾಲ್ಕು ಸಾವಿರದಲ್ಲಿ ಒಂದನ್ನೂ ಅಲ್ಲ. ದುಡ್ಡು ಕೊಟ್ಟವನಿಗೆ ಸಿಗದ ಒಂದೇ ಒಂದು ಸದ್ದನ್ನು.

ಬಿಟ್ಟಿ ಅವಧಿಗೆ ಮರಳೋಣವೆಂದರೆ, ಒಮ್ಮೆ ದುಡ್ಡು ಕಟ್ಟಿದ ಕಂಪ್ಯೂಟರಿಗೆ ಅದು ಮತ್ತೆ ಸಿಗುವುದಿಲ್ಲ. ಸಿಕ್ಕರೂ ಮಾರುವಂತಿಲ್ಲ. ಕಂಪನಿಗೆ ಪತ್ರ ಬರೆದ: ‘ದಯವಿಟ್ಟು ನನ್ನ ಸ್ಸ್ಸ್ ವಾಪಸ್ ಕೊಡಿ.’ ಉತ್ತರ ಬಂತು: ‘ಅಭಿನಂದನೆಗಳು! ನೀವು ಹಣ ಪಾವತಿಸಿರುವುದರಿಂದ ಆ ತೊಂದರೆ ನಿಮಗೆ ಇನ್ನು ಮುಂದೆ ಇರುವುದಿಲ್ಲ.’ ಮತ್ತೆ ಬರೆದ: ‘ನನಗೆ ಆ ತೊಂದರೆಯೇ ಬೇಕು.’ ಮತ್ತೆ ಉತ್ತರ: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’

ಶನಿವಾರ ಬಸ್ ನಿಲ್ದಾಣಕ್ಕೇ ಹೋಗಿ ಕೂತು, ನಿಜವಾದ ಬಾಗಿಲಿನ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು ಕಳಿಸಿದ. ಯಜಮಾನರು ಎರಡು ಸಲ ಹಾಕಿ ಕೇಳಿ ಹೇಳಿದರು:

“ಇದು ನಮ್ಮ ಹನ್ನೆರಡನೇ ನಂಬರ್ ಬಸ್ಸು. ಹಿಂದಿನ ಬಾಗ್ಲು. ಗಾಳಿ ಪೈಪು ಎಲ್ಲೋ ತೂತಾಗಿದೆ. ಒಳ್ಳೇದಾಯ್ತು ಕಳಿಸಿದ್ದು, ಈಗ್ಲೇ ಗ್ಯಾರೇಜಿಗೆ ಹೇಳ್ತೀನಿ. ಆದ್ರೆ ಮೇಷ್ಟ್ರೇ, ನಂಗೆ ಬೇಕಾಗಿರೋದು ಇದಲ್ಲ.”

ಭಾನುವಾರ ಬೆಳಿಗ್ಗೆ ಟಿಂಗಣ್ಣ ಮೈಕಿನ ಮುಂದೆ ನೀರು ಕುದಿಸಿದ. ಸೈಕಲ್ ಟೈರಿನ ಗಾಳಿ ಬಿಟ್ಟ. ಒದ್ದೆ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ, ಅಂಗಿ ಹೋಯಿತು, ಅದೂ ಹೆಂಡತಿ ಕೊಡಿಸಿದ್ದು. ಒಂದೂ ಹೊಂದಲಿಲ್ಲ. ಕೊನೆಗೆ ದುಡ್ಡು ಕೊಟ್ಟ ನಾಲ್ಕು ಸಾವಿರದಲ್ಲೇ ಎಲ್ಲಾದರೂ ಅಡಗಿರಬಹುದೆಂದು ಒಂದರಿಂದ ಒತ್ತುತ್ತ ಹೊರಟ. ಸದ್ದುಗಳಿಗೆ ಇಟ್ಟ ಹೆಸರುಗಳೋ, ದೇವರಿಗೇ ಪ್ರೀತಿ: ನೀಲಿ ಹಿಮನದಿ ಎರಡು, ರೋಬೋಟಿನ ಕಣ್ಣೀರು, ಚಂದ್ರನ ಬೆನ್ನು. ಮಧ್ಯಾಹ್ನದ ಹೊತ್ತಿಗೆ ಮುನ್ನೂರು ದಾಟಿದ್ದ, ಕೇಳಿದ್ದು ಒಂದೂ ನೆನಪಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಅದೇನು ಹೆಸರು?”

“ನೀಲಿ ಹಿಮನದಿ ಎರಡು.”

“ಕೇಳಿದ್ರೆ ಬಚ್ಚಲಲ್ಲಿ ನೀರು ಇಳಿದ ಹಾಗಿದೆ. ಅಳಿಯಂದ್ರೇ, ಇದು ಗ್ರಂಥಾಲಯನಾ, ಗುಜರಿ ಅಂಗಡಿನಾ? ಏಳಿ ಮೇಲೆ.”

ಟಿಂಗಣ್ಣ ಎದ್ದು ಗೋಡೆಗೆ ಒರಗಿದ. ಅತ್ತೆ ಕುರ್ಚಿಯಲ್ಲಿ ಕೂತು, ಮೊದಲು ಮೈಕನ್ನು ಮುಖದಿಂದ ಆಚೆ ತಳ್ಳಿದರು. ಅದು ಬೆಳಿಗ್ಗೆಯಿಂದ ಚಾಲೂ ಇದ್ದು ಎಲ್ಲವನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು, ಆರಿಸುವುದು ಯಾರಿಗೂ ನೆನಪಿರಲಿಲ್ಲ. ತಮ್ಮ ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿ, ಪೆನ್ಸಿಲ್ ಚೂಪು ಮಾಡಿ, ಒಂದೊಂದೇ ಸದ್ದು ಕೇಳಿ ಬರೆಯತೊಡಗಿದರು. ‘ನೀರು: ಬಚ್ಚಲು.’ ‘ಲೋಹ: ತಟ್ಟೆ ಬಿದ್ದದ್ದು.’ ‘ಪ್ರಾಣಿ: ಬೆಕ್ಕು, ಸಿಟ್ಟಿನಲ್ಲಿ.’ ಒಂದೂ ಬಿಡಲಿಲ್ಲ.

ಟಿಂಗಣ್ಣನಿಗೆ ತಡೆಯಲಾಗಲಿಲ್ಲ. ಹೇಳಲು ಶುರುಮಾಡಿದ. ತನ್ನ ಹಣೆಬರಹ, ಕಂಪನಿಯ ಮೋಸ, ಟೈಲ್ಸ್ ಅಂಗಡಿ, ಸುಟ್ಟ ಅಂಗಿ. “ಅಲ್ಲ ಅತ್ತೆ, ನಾಲ್ಕು ಸಾವಿರ ಸದ್ದು ಕೊಟ್ಟು, ಬೇಕಾಗಿದ್ದ ಒಂದನ್ನ ಕಿತ್ಕೊಂಡ್ರಲ್ಲ, ಇದಕ್ಕೆ ಏನನ್ಬೇಕು? ನಾನು ಸಾಯೋವರೆಗೂ ಟೈಲ್ಸ್ ತಟ್ತಾ ಕೂರಬೇಕಾ? ನೀವೇ ಹೇಳಿ, ನಾನು ಯಾರಿಗೆ ಏನು...”

ಅತ್ತೆ ನಾನೂರ ಹನ್ನೊಂದನೆಯ ಸದ್ದಿಗೆ ಕಿವಿಗೊಟ್ಟಿದ್ದರು. ತಲೆ ಎತ್ತಲಿಲ್ಲ. ತೋರುಬೆರಳನ್ನು ಮೂಗಿನ ಮುಂದೆ ಹಿಡಿದರು. ಕಟ್ಟಿಸಿದ ಹಲ್ಲಿನ ಸಂದಿಯಿಂದ, ಮೂವತ್ನಾಲ್ಕು ವರ್ಷದ ಅಭ್ಯಾಸ ಪೂರ್ತಿ ಬೆರೆಸಿ,

“ಸ್ಸ್ಸ್!”

ಟಿಂಗಣ್ಣನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಅಡುಗೆಮನೆಯಲ್ಲಿ ಹೆಂಡತಿ ಕೂಡ ಹಾಡು ನಿಲ್ಲಿಸಿದಳು. ಪರದೆಯ ಮೂಲೆಯಲ್ಲಿ ಮೈಕಿನ ಗೆರೆ ಒಂದು ಸಲ ಎದ್ದು, ಮೆಲ್ಲಗೆ ಮಲಗಿತು.

“ಅತ್ತೆ,” ಎಂದು ಪಿಸುಗುಟ್ಟಿದ, “ಇನ್ನೊಂದ್ಸಲ ಬೈತೀರಾ?”

“ಬೈದಿದ್ದು ಎಲ್ಲಿ? ಇನ್ನೂ ಶುರುನೇ ಮಾಡಿಲ್ಲ.”

ಎರಡನೆಯ ಸಲ ಅವರಿಗೆ ಹಾಗೆ ಬರಲಿಲ್ಲ. ಬೇಕೆಂದು ಮಾಡಿದರೆ ಹಾವಿನ ಹಾಗೆ ಕೇಳಿಸಿತು. ಮೈಕಿನಲ್ಲಿ ಸಿಕ್ಕ ಮೊದಲನೆಯದನ್ನೇ ಕತ್ತರಿಸಿ ತೆಗೆದು, ಕೊನೆಯ ಟಿಂಗಿನ ಬಾಲಕ್ಕೆ ಅಂಟಿಸಿ, ದೀಪ ಹಚ್ಚುವ ಮುಂಚೆಯೇ ಕಳಿಸಿದ. ಯಜಮಾನರು ಊರಲ್ಲಿರಲಿಲ್ಲ. ಉತ್ತರವಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲು. ಟಿಂಗಣ್ಣ ಬಚ್ಚಲಲ್ಲಿ ಬಟ್ಟೆ ಹಿಂಡಿ, ನೀಲಿ ಬಕೆಟ್ಟಿನ ಹಗ್ಗ ಹಿಡಿದು ಹೊರಗೆ ಬರುತ್ತಿದ್ದ. ಹೆಂಡತಿ ಒಣಗಿಸುವ ಹಗ್ಗದ ಹೊಸ ಸುರುಳಿಯನ್ನು ಕೈಯಲ್ಲಿ ಹಿಡಿದು ಸ್ಟುಡಿಯೋದ ಬಾಗಿಲಲ್ಲಿ ನಿಂತು, ಮೊಳೆ ಎಲ್ಲಿ ಹೊಡೆಯಲಿ ಎಂದು ಗೋಡೆ ನೋಡುತ್ತಿದ್ದಳು. ಫೋನು ಬಡಿದುಕೊಂಡಿತು. ಕೈ ಒದ್ದೆ, ಸ್ಪೀಕರಿಗೆ ಹಾಕಿದ.

“ಮೇಷ್ಟ್ರೇ! ಬಾಗ್ಲಂದ್ರೆ ಇದು! ಮೊದಲಿನದಕ್ಕಿಂತ ಚೆನ್ನಾಗಿದೆ. ಕೇಳಿದ ತಕ್ಷಣ ನಾನೇ ಚಪ್ಪಲಿ ಸರಿಯಾಗಿ ಹಾಕ್ಕೊಂಡು ನೆಟ್ಟಗೆ ಕೂತ್ಬಿಟ್ಟೆ. ಯಾವ ಮಷೀನಿಂದು ಇದು?”

ಟಿಂಗಣ್ಣ ಸ್ಟುಡಿಯೋದೊಳಗೆ ಕಾರ್ಡು ಬರೆಯುತ್ತ ಕೂತಿದ್ದ ಅತ್ತೆಯ ಕಡೆ ನೋಡಿದ. “ಹಳೇ ಮಾಡೆಲ್ಲು ಯಜಮಾನ್ರೇ. ಈಗ ತಯಾರಾಗ್ತಿಲ್ಲ.”

“ಕೊಡೋ ಹಂಗಿದ್ರೆ ನಾನೇ ತಗೋತೀನಿ!”

“ಸಾಗಿಸೋದು ಕಷ್ಟ. ತಿರುಗಿ ಬೈಯುತ್ತೆ.”

ಅತ್ತೆ ಪೆನ್ಸಿಲ್ ಎಸೆದರು. ಗುರಿ ತಪ್ಪಿ ಬಕೆಟ್ಟಿಗೆ ಬಿತ್ತು. ಹೆಂಡತಿ ಹಗ್ಗದ ಸುರುಳಿಯನ್ನು ಹಿತ್ತಲಿಗೆ ಒಯ್ದಳು.

ಆಮೇಲೆ ಹೊಸ ವಾಷಿಂಗ್ ಮಷೀನು ಬಂತು. ಕೆಲಸ ಮುಗಿದಾಗ ಅದು ಹಾಡುವ ರಾಗ ಟಿಂಗಣ್ಣನದಲ್ಲ ಎಂದು ಅವನಿಗೆ ಇಂದಿಗೂ ಹೊಟ್ಟೆಕಿಚ್ಚು. ಅತ್ತೆ ಎರಡು ತಿಂಗಳಲ್ಲಿ ನಾಲ್ಕು ಸಾವಿರ ಸದ್ದಿಗೂ ಕಾರ್ಡು ಬರೆದು ಮುಗಿಸಿದರು. ಈಗ ಯಾರಾದರೂ ‘ಸ್ವಲ್ಪ ಮರದ ಹಾಗೆ, ಆದರೆ ಖುಷಿಯಾಗಿ’ ಎಂದು ಕೇಳಿದರೆ ಅತ್ತೆ ಡಬ್ಬಿ ಎಳೆದು ಕ್ಷಣದಲ್ಲಿ ನಂಬರು ಹೇಳುತ್ತಾರೆ. ಕೆಲಸ ಮೂರು ಪಟ್ಟಾಗಿದೆ. ಒಂದು ದಿನ ಟಿಂಗಣ್ಣ ತಡೆಯಲಾರದೆ ಕೇಳಿದನಂತೆ:

“ಈಗ ಹೇಳಿ ಅತ್ತೆ, ಕೊಟ್ಟ ದುಡ್ಡಿಗೆ ಬೆಲೆ ಬಾಳುತ್ತಾ?”

“ನಾನು ಜೋಡಿಸಿದ ಮೇಲೆ ಬಾಳುತ್ತೆ,” ಎಂದರಂತೆ ಅತ್ತೆ. “ನೀವು ತಗೊಂಡಾಗ ಬಾಳ್ತಿರ್ಲಿಲ್ಲ.”

ನಂಬದವರು ಆ ಬಸ್ಸು ಹತ್ತಿ ನೋಡಿ. ಸ್ಟಾಪು ಬರುತ್ತದೆ, ಆರು ಸ್ವರ, ಟಿಂಗ್, ‘ಸ್ಸ್ಸ್’. ಫೋನಿನಲ್ಲಿ ಕಿರುಚುತ್ತಿದ್ದವರು, ಸೀಟಿಗೆ ಜಗಳವಾಡುತ್ತಿದ್ದವರು, ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚುತ್ತಾರೆ. ಯಾಕೆಂದು ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತು, ಈಗ ನಿಮಗೂ ಗೊತ್ತು. ಇದನ್ನು ನಿಮ್ಮ ಫೋನಿನಲ್ಲೇ ಕೊಳೆಯಲು ಬಿಡಬೇಡಿ. ಮನೆಯಲ್ಲಿ ಯಾರಾದರೂ ಏನನ್ನೋ ಕೊಳ್ಳಲು ಹಟ ಹಿಡಿದು ಕೂತಿದ್ದರೆ ಮೊದಲು ಅವರಿಗೆ ಕೇಳಿಸಿ, ಆಮೇಲೆ ಅವರ ಅತ್ತೆಗೂ.