ಕಿತ್ತು ಬಂದ ಬಾಗಿಲು

"ಬಂತು ನೋಡಿ, ನಮ್ಮ ಬಾಗಿಲು ಬಂತು!" ಎಂದು ಮಾರಿಸ್ ಪೈಕ್ ಮೈಕಿನ ಕಡೆ ಬಾಗಿದ. "ಇನ್ನು ಎರಡೇ ನಿಮಿಷ."

ಪಕ್ಕದಲ್ಲಿ ಕೂತಿದ್ದ ಡೆರೆಕ್ ಹಾಲಮ್ ಕುರ್ಚಿಯಲ್ಲಿ ಮಿಸುಕಾಡಿದ. ಹೆಡ್‌ಫೋನು ಕಿವಿ ಹಿಂಡುತ್ತಿತ್ತು. ಎದುರಿನ ಪರದೆಯ ಮೇಲೆ ಮೂವತ್ತನಾಲ್ಕು ವರ್ಷಗಳ ಹಿಂದಿನ ಅವರಿಬ್ಬರೂ ಒಂದು ಬಸ್ ಡಿಪೋದಲ್ಲಿ, ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ, ಕೊಡೆಗಳ ರಾಶಿಯ ನಡುವೆ ಜಗಳವಾಡುತ್ತಿದ್ದರು. ಆ ಹಾಸ್ಯ ಧಾರಾವಾಹಿಯನ್ನು ಈಗ ಡಿವಿಡಿಗಳಲ್ಲಿ ತರುತ್ತಾರಂತೆ. ಇಬ್ಬರೂ ಅದನ್ನು ನೋಡುತ್ತ ಹಳೆಯದನ್ನೆಲ್ಲ ಹರಟಬೇಕು, ಆ ಹರಟೆಯೂ ಅದರಲ್ಲಿ ಸೇರುತ್ತದೆ. ಅದಕ್ಕೇ ಸೋಹೋ ಬಡಾವಣೆಯ ಈ ನೆಲಮಾಳಿಗೆಯ ಕೋಣೆಗೆ ಬೆಳಿಗ್ಗೆ ಹತ್ತಕ್ಕೆ ಬಂದು ಕೂತಿದ್ದರು. ಗಾಜಿನಾಚೆ ಧ್ವನಿಮುದ್ರಣದ ಗಡ್ಡದವನೊಬ್ಬ, ಅವನ ಪಕ್ಕ ಇದರ ಉಸ್ತುವಾರಿ ಹೊತ್ತ ತಾಮ್ಸಿನ್. ಆಕೆ ಹುಟ್ಟುವ ಮೊದಲೇ ಧಾರಾವಾಹಿ ಮುಗಿದಿತ್ತು, ಆದರೆ ಅದರ ಒಂದೊಂದು ಮಾತೂ ಆಕೆಗೆ ಬಾಯಿಪಾಠ.

ಡೆರೆಕ್ ಮನೆಯಿಂದ ಹೊರಡುವಾಗ ಹೆಂಡತಿ ಹಿಲ್ಡಾ ಕೋಟಿನ ಕಾಲರು ಸರಿಮಾಡುತ್ತ, "ರೀ, ಇವತ್ತಾದ್ರೂ ಬಾಯಿ ಬಿಡಿ. ಮೂವತ್ತು ವರ್ಷದಿಂದ ನನ್ನ ಹತ್ರ ಗೊಣಗಿದ್ದು ಸಾಕು. ಅಲ್ಲಿ ಮೈಕ್ ಇರುತ್ತೆ, ಅದಕ್ಕೆ ಹೇಳಿ," ಎಂದಿದ್ದಳು.

"ಹೇಳ್ತೀನಿ ಕಣೇ."

"ಹೇಳದೆ ಬಂದ್ರೆ ಆ ಬಾಗಿಲಿನ ಸುದ್ದಿ ಇನ್ನು ಈ ಮನೇಲಿ ಎತ್ತಕೂಡದು."

ಆ ಬಾಗಿಲು ಇಡೀ ಇಂಗ್ಲೆಂಡಿಗೇ ಗೊತ್ತು. ಮುನ್ನೂರು ಜನ ಪ್ರೇಕ್ಷಕರ ಎದುರು ಚಿತ್ರೀಕರಣ ನಡೆಯುತ್ತಿದ್ದಾಗ ಮಾರಿಸ್ ಬೀರು ತೆಗೆಯಲು ಹೋದ, ಬಾಗಿಲು ಕಿತ್ತು ಕೈಗೇ ಬಂತು. ಸ್ಕ್ರಿಪ್ಟಿನಲ್ಲಿ ಹಾಗೇನೂ ಇರಲಿಲ್ಲ. ನಿರ್ದೇಶಕ ಇನ್ನೇನು ನಿಲ್ಲಿಸಿ ಎನ್ನಬೇಕು, ಅಷ್ಟರಲ್ಲಿ ಮಾರಿಸ್ ಆ ಬಾಗಿಲನ್ನು ಒಂದು ಕೈಯಲ್ಲಿ ನೆಟ್ಟಗೆ ಎತ್ತಿ ಹಿಡಿದು, ಇನ್ನೊಂದರಿಂದ ಮೆಲ್ಲಗೆ ಬಡಿದು, "ಒಳಗೆ ಬರಬಹುದಾ?" ಎಂದ. ಜನ ಎರಡು ನಿಮಿಷ ನಕ್ಕರು. ಆಮೇಲೆ ಮಾರಿಸ್‌ಗೆ ಸಿನಿಮಾ ಬಂತು, ಅರಮನೆಯಿಂದ ಪದಕ ಬಂತು. ಡೆರೆಕ್‌ಗೆ ಮುದುಕರನ್ನು ಮೆಟ್ಟಿಲು ಹತ್ತಿಸುವ ಕುರ್ಚಿಯ ಜಾಹೀರಾತು ಬಂತು.

ನಿಜ ಬೇರೆಯೇ ಇತ್ತು. ಮಧ್ಯಾಹ್ನದ ತಾಲೀಮಿನಲ್ಲಿ ಆ ದೃಶ್ಯ ಹೆಣದಂತೆ ಬಿದ್ದುಕೊಂಡಿತ್ತು. ಎಲ್ಲರೂ ಊಟಕ್ಕೆ ಹೋದ ಮೇಲೆ ಡೆರೆಕ್ ಎರಡು ಪೆನ್ನಿಯ ನಾಣ್ಯ ತೂರಿಸಿ ಬೀರುವಿನ ತಿರುಪು ಸಡಿಲ ಮಾಡಿದ್ದ. ಕ್ಯಾಂಟೀನಿಗೆ ಹೋಗಿ ಮಾರಿಸ್‌ಗೆ ಆ ಮಾತನ್ನೂ ಹೇಳಿಕೊಟ್ಟಿದ್ದ. ತಾನೇ ಯಾಕೆ ಹೇಳಲಿಲ್ಲ? ಡೆರೆಕ್‌ನದು ಕಚೇರಿಯ ಮುಖ್ಯಸ್ಥ ಗಾರ್ಸೈಡ್‌ನ ಪಾತ್ರ, ಗಂಟುಮೋರೆಯದು. ಅವನು ಬಾಗಿಲು ಬಡಿದರೆ ನಾಯಿಯೂ ನಗುತ್ತಿರಲಿಲ್ಲ. ಮಾರಿಸ್ ಬಡಿಯಬೇಕು, ಗಾರ್ಸೈಡ್ ಬೆಪ್ಪಾಗಿ ನೋಡಬೇಕು, ಜೋಡಿಯ ಕೆಲಸವೇ ಅದು. ಡೆರೆಕ್ ಬೆಪ್ಪಾಗಿ ನೋಡಿದ, ಚೆನ್ನಾಗಿಯೇ ನೋಡಿದ.

ಹೆಡ್‌ಫೋನಿನಲ್ಲಿ ತಾಮ್ಸಿನ್ ದನಿ ಬಂತು: "ಆ ಕಥೆ ಹೇಳಿ ಮಾರಿಸ್, ಎಲ್ಲರೂ ಅದಕ್ಕೇ ಕಾಯ್ತಿರ್ತಾರೆ."

"ಕಥೆ ಏನಮ್ಮಾ? ಎಳೆದೆ, ಕೈಗೇ ಬಂತು. ತಲೆ ಪೂರ್ತಿ ಖಾಲಿ. ಆ ಮಾತು ಎಲ್ಲಿಂದ ಬಂತೋ, ದೇವರಾಣೆ ಗೊತ್ತಿಲ್ಲ."

"ನನಗೆ ಗೊತ್ತು," ಎಂದ ಡೆರೆಕ್. "ನಾನು ಹೇಳಿಕೊಟ್ಟೆ. ತಿರುಪು ಸಡಿಲ ಮಾಡಿದ್ದೂ ನಾನೇ."

ಗಾಜಿನಾಚೆ ಗಡ್ಡದವನು ಹೊಟ್ಟೆ ಹಿಡಿದುಕೊಂಡು ನಕ್ಕ. ತಾಮ್ಸಿನ್ ಮೇಜು ಬಡಿಯುತ್ತಿದ್ದಳು. ಡೆರೆಕ್‌ಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ, ಆಮೇಲೆ ಹೊಳೆಯಿತು. ಪ್ರತಿ ಕಂತಿನಲ್ಲೂ ಯಾರೇ ಏನು ಒಳ್ಳೆಯದು ಮಾಡಿದರೂ ಗಾರ್ಸೈಡ್ ಗದ್ದ ಎತ್ತಿ, ಅದು ನನ್ನ ಐಡಿಯಾ ಎನ್ನುತ್ತಿದ್ದ. ಬಸ್ಸಿನಲ್ಲಿ, ಮೀನಿನಂಗಡಿಯಲ್ಲಿ ಜನ ಈಗಲೂ ಅದನ್ನೇ ಹೇಳಿ ಅವನನ್ನು ಕಾಡುತ್ತಿದ್ದರು. ಆ ಮಾತನ್ನು ಅಪ್ಪಿತಪ್ಪಿಯೂ ಆಡಬಾರದು ಎಂದು ರೈಲಿನುದ್ದಕ್ಕೂ ಜಪ ಮಾಡುತ್ತ ಬಂದಿದ್ದ. ಆಡದೇ ಇದ್ದರೂ ಅದೇ ಆಯಿತು.

"ನಗಬೇಡಿ, ನಾನು ನಿಜ ಹೇಳ್ತಾ ಇದೀನಿ!" ಎಂದು ರೇಗಿದ. "ಎಲ್ಲಾ ಮಾಡಿದ್ದು ನಾನು! ಇವನು ಬರೀ ಬಡಿದ!"

ರೇಗಿದಷ್ಟೂ ಅವನು ಗಾರ್ಸೈಡೇ ಆಗುತ್ತಿದ್ದ. ಮಾರಿಸ್ ನಕ್ಕು ನಕ್ಕು ಕೆಮ್ಮಿದ, ಕಣ್ಣೊರೆಸಿಕೊಂಡ, ಸರಿಯಾಗಿ ಎರಡು ಸೆಕೆಂಡು ಬಿಟ್ಟು ಧಾರಾವಾಹಿಯ ವಿನಯದ ದನಿಯಲ್ಲಿ, "ಹೌದು ಸಾರ್, ಮಳೆ ಕೂಡ ನಿಮ್ಮದೇ ಐಡಿಯಾ," ಎಂದ.

ಕಂತು ಮುಗಿಯಿತು, ಕೆಂಪು ದೀಪ ಆರಿತು. ಗಾಜಿನಾಚೆಯವರು ಏನನ್ನೋ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದರು. ಮಾರಿಸ್ ಹೆಡ್‌ಫೋನು ತೆಗೆದು, ಮೈಕಿಗೆ ಅಂಗೈ ಅಡ್ಡ ಹಿಡಿದು ಹತ್ತಿರ ಬಂದ.

"ನಾನು ಮೊದ್ಲು ಒಪ್ಪಿರ್ಲಿಲ್ಲ ಕಣೋ, ನೆನಪಿದ್ಯಾ? ಇದರಲ್ಲಿ ನಗೋದೇನಿದೆ ಅಂದಿದ್ದೆ. ನೀನು ಬಿಸ್ಕತ್ ಡಬ್ಬಿಯ ಮುಚ್ಚಳ ಎತ್ತಿ, ಬಡಿದು ತೋರಿಸ್ದೆ."

ಬಿಸ್ಕತ್ ಡಬ್ಬಿ ಡೆರೆಕ್‌ಗೇ ಮರೆತುಹೋಗಿತ್ತು.

"ಅಯ್ಯೋ ಪಾಪಿ, ಎಲ್ಲಾ ನೆನಪಿಟ್ಕೊಂಡು ಈಗ ಹಾಗ್ಯಾಕೆ ಅಂದೆ?"

"ಬಿಡಕ್ಕಾಗುತ್ತೇನೋ? ನೀನು ಹಾಗೆ ಎತ್ತಿಕೊಟ್ರೆ ನಾನು ಹೊಡೀದೆ ಇರ್ತೀನಾ?" ಮಾರಿಸ್‌ನ ಮುಖದಲ್ಲಿ ನಾಚಿಕೆಯಿರಲಿಲ್ಲ, ಕೆಡುಕೂ ಇರಲಿಲ್ಲ, ಬರೀ ಖುಷಿಯಿತ್ತು. "ಇಷ್ಟು ದೊಡ್ಡ ನಗು ಕಿವಿಗೆ ಬಿದ್ದು ಎಷ್ಟು ವರ್ಷ ಆಗಿತ್ತು, ಹೇಳು."

"ಹಾಗಾದ್ರೆ ಹೇಳು ತಾಮ್ಸಿನ್‌ಗೆ. ಈಗ್ಲೇ ಹೇಳು."

"ಹೇಳ್ತೀನಿ, ಅದಕ್ಕೇನು? ಅದಕ್ಕೂ ನಗ್ತಾರೆ ನೋಡ್ತಿರು."

ಅದು ಸುಳ್ಳಲ್ಲ ಎಂದು ಡೆರೆಕ್‌ಗೆ ಗೊತ್ತಿತ್ತು. ಅದೇ ಅವನ ಹೊಟ್ಟೆ ಉರಿಸಿತು. ಎದ್ದು ಹೋಗಿಬಿಡೋಣ ಎಂದು ಕುರ್ಚಿಯ ಕೈ ಹಿಡಿದ.

ಕೋಣೆಯ ಸ್ಪೀಕರಿನಲ್ಲಿ ತಾಮ್ಸಿನ್ ಮಾತಾಡಿದಳು. ಇನ್ನೂ ಉಸಿರು ಸಿಕ್ಕಿರಲಿಲ್ಲ. "ಡೆರೆಕ್, ನೀವು ದೇವರು! ಇಡೀ ಡಿವಿಡಿಯಲ್ಲಿ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಆದ್ರೆ ನಿಮ್ಮ ಕೊನೆ ಮಾತಿನ ಮೇಲೆ ಮಾರಿಸ್ ಕೆಮ್ಮು ಬಿದ್ದಿದೆ. ಅದೊಂದು ತುಣುಕು ಇನ್ನೊಮ್ಮೆ ಹೇಳ್ತೀರಾ? ಕೋಪ ಮಾತ್ರ ಹಾಗೇ ಇರ್ಲಿ, ಪ್ಲೀಸ್."

ಮಾರಿಸ್ ಆಗಲೇ ಹೆಡ್‌ಫೋನು ಹಾಕಿಕೊಂಡು, ನೆಟ್ಟಗೆ ಕೂತು, ಅವನನ್ನೇ ನೋಡುತ್ತಿದ್ದ.

ಕೆಂಪು ದೀಪ ಹತ್ತಿತು. ಡೆರೆಕ್ ಕುರ್ಚಿಯ ಕೈ ಬಿಟ್ಟ, ಗದ್ದ ಎತ್ತಿದ. "ನಗಬೇಡಿ, ನಾನು ನಿಜ ಹೇಳ್ತಾ ಇದೀನಿ!" ದನಿ ಒಡೆಯಬೇಕಾದ ಕಡೆ ಒಡೆಯಿತು, ಮೊದಲಿಗಿಂತ ಚೆನ್ನಾಗಿ. "ಎಲ್ಲಾ ಮಾಡಿದ್ದು ನಾನು! ಇವನು ಬರೀ ಬಡಿದ!"

ಹೇಳಿ ಮುಗಿಸಿ, ಮಾರಿಸ್‌ಗೆ ಎರಡು ಸೆಕೆಂಡಿನ ಜಾಗ ಬಿಟ್ಟು, ಡೆರೆಕ್ ಸುಮ್ಮನೆ ಕೂತ.