ಕಾಲು ಸುತ್ತಿನ ಪಂಡಿತರು

ಲಾಂಡ್ರಿ ಅಕ್ಕನ ಮನೆಯಲ್ಲಿ ಗಂಡಸರು ಮೂವರು: ಗಂಡ, ಮಾವ, ತಮ್ಮ. ಮೂವರಲ್ಲಿ ಒಬ್ಬರಿಗೂ ಒಂದು ಬೆಡ್‌ಶೀಟನ್ನು ನೆಟ್ಟಗೆ ಮಡಚಲು ಬಾರದು. ಡೀಸೆಲ್ ಇಂಜಿನ್ ಎಂದರೆ ಮಾತ್ರ ಮೂವರೂ ಅರೆದು ಕುಡಿದವರು.

ಅವಳ ಹಳೇ ಪಿಕಪ್ ದಿನಾ ಇನ್ನೂರು ಬಿಳಿ ಬೆಡ್‌ಶೀಟು ಹೊತ್ತು ಆಸ್ಪತ್ರೆಯ ಏರು ಹತ್ತಬೇಕು. ಒಂದು ವರ್ಷದಿಂದ ಅದು ಏರಿನಲ್ಲಿ ಏದುಸಿರು ಬಿಡುತ್ತಿತ್ತು.

"ಡೀಸೆಲ್ ಪ್ರೆಶರ್ ಸಾಲ್ತಿಲ್ಲ ಕಣೇ," ಎಂದ ಗಂಡ.

"ನಮ್ಮ ಕಾಲದಲ್ಲಾಗಿದ್ರೆ ಪ್ರೆಶರ್ ನೋಡು ಅಂತಿದ್ದೆ," ಎಂದರು ಮಾವ.

"ಅಕ್ಕ, ಪ್ರೆಶರ್ ಏರಿಸ್ಬೇಕು," ಎಂದ ತಮ್ಮ, ಫೋನಿನಲ್ಲಿ ಯಾರದೋ ವಿಡಿಯೋ ತೋರಿಸುತ್ತ.

ಆ ಮನೆಯಲ್ಲಿ ಮೂವರು ಒಂದೇ ಮಾತು ಹೇಳಿದ್ದು ಅದೇ ಮೊದಲು. ಅಲ್ಲೇ ಅವಳಿಗೆ ಅನುಮಾನ ಬರಬೇಕಿತ್ತು. ಪಾಪ, ಪುರುಸೊತ್ತಿರಲಿಲ್ಲ.

ಗಾಡಿಗೆ ಶಕ್ತಿ ಬರಲಿಲ್ಲ, ಹೊಗೆ ಬಂತು. ತಿಂಗಳು ತಿಂಗಳಿಗೂ ಕಪ್ಪಾಗುತ್ತ ಹೋಗಿ, ಏರಿನಲ್ಲಿ ಹಿಂದಿನಿಂದ ಸುತ್ತಿಕೊಂಡು ಬಂದು ಬಟ್ಟೆಯ ಮೇಲೆಯೇ ಕೂರತೊಡಗಿತು. ಒಂದು ದಿನ ಹೆಡ್ ನರ್ಸ್ ಒಂದು ಬೆಡ್‌ಶೀಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನು ಬೆಡ್‌ಶೀಟೋ ಮಸಿಬಟ್ಟೆಯೋ? ಇನ್ನೊಂದು ಸಲ ಹೀಗೆ ಬಂದ್ರೆ ಬೇರೆಯವರನ್ನ ನೋಡ್ಕೋತೀವಿ," ಎಂದರು. ಆ ಕೆಲಸ ಹೋದರೆ ನಾಲ್ಕು ಜನರ ಹೊಟ್ಟೆಗೂ ತಣ್ಣೀರು ಬಟ್ಟೆಯೇ ಗತಿ. ಅದಕ್ಕೆ ಲಾಂಡ್ರಿಯಲ್ಲಿ ಬರವಿಲ್ಲ ಎನ್ನುವುದೊಂದೇ ಸಮಾಧಾನ.

ಮರುದಿನ ಬೆಳಿಗ್ಗೆ ಅವಳೇ ಬಾನೆಟ್ ಎತ್ತಿದಳು. ಡೀಸೆಲ್ ಪಂಪಿನ ಸ್ಕ್ರೂ ಮೇಲೆ ಮೂರು ಬಣ್ಣದ ಚುಕ್ಕೆಗಳಿದ್ದವು: ಕೆಂಪು, ಗುಲಾಬಿ, ನೇರಳೆ. ಪಂಪಿನ ಮೈಮೇಲೂ ಅವೇ ಮೂರು. ಸ್ಕ್ರೂ ತಿರುಗಿಸುವ ಮುಂಚೆ ಎರಡೂ ಕಡೆ ಎದುರುಬದುರು ಚುಕ್ಕೆ ಇಟ್ಟುಕೊಳ್ಳಬೇಕು, ಬೇಡವಾದರೆ ಎರಡನ್ನೂ ಕೂಡಿಸಿ ಹಿಂದಕ್ಕೆ ತರಬಹುದು ಎನ್ನುವುದು ಗ್ಯಾರೇಜಿನವರ ಕ್ರಮ.

"ಏನಿದು?" ಎಂದಳು.

"ಕಂಪನಿಯವರ ಗುರುತು," ಎಂದ ಗಂಡ. ಮಾವನೂ ತಮ್ಮನೂ ತಲೆಯಾಡಿಸಿದರು.

"ಕಂಪನಿಯವರು ನನ್ನ ನೇಲ್ ಪಾಲಿಶ್ ಯಾವಾಗ ತಗೊಂಡು ಹೋದ್ರು?"

ಆಮೇಲೆ ನಿಜ ಒಂದೊಂದಾಗಿ ಹೊರಬಂತು. ಗಂಡ ಗುಟ್ಟಾಗಿ ಚುಕ್ಕೆ ಇಟ್ಟು, ಡೀಸೆಲ್ ಹೆಚ್ಚು ಬರಲೆಂದು ಸ್ಕ್ರೂಗೆ ಕಾಲು ಸುತ್ತು ಕೊಟ್ಟಿದ್ದ. ಆ ಚುಕ್ಕೆಯನ್ನು ಕಂಪನಿಯದೇ ಎಂದುಕೊಂಡು ಮಾವ ತಮ್ಮದೊಂದು ಚುಕ್ಕೆ ಇಟ್ಟು ಇನ್ನೊಂದು ಕಾಲು ಕೊಟ್ಟಿದ್ದರು. ಎರಡನ್ನೂ ಕಂಪನಿಯದೆಂದು ನಂಬಿ ತಮ್ಮ ಮತ್ತೊಂದು ಕಾಲು. ಹಾಗಾದರೆ ಹೊಗೆಗೆ ಯಾರು ಕಾರಣ ಎಂದು ಕೇಳಿದ್ದಕ್ಕೆ ಮೂವರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು.

ಯಾವ ಚುಕ್ಕೆ ಮೊದಲಿನದು ಎಂದು ಅವಳು ಕೇಳುವ ಅಗತ್ಯವಿರಲಿಲ್ಲ. ಕೆಂಪು ಬಾಟಲಿ ಹೋದ ವರ್ಷವೇ ಒಣಗಿಹೋಗಿತ್ತು. ಗುಲಾಬಿ ಆಮೇಲಿನದು. ನೇರಳೆ ಹೋದ ತಿಂಗಳು ಕೊಂಡದ್ದು; ಅದನ್ನವಳು ಇನ್ನೂ ಒಂದು ಬೆರಳಿಗೂ ಹಚ್ಚಿಕೊಂಡಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಹೊಟ್ಟೆ ಉರಿದದ್ದು. ಸ್ಪ್ಯಾನರ್ ಹಿಡಿದು ಕೆಂಪಿಗೆ ಕೆಂಪು ಕೂಡಿಸಿ ನಟ್ಟು ಬಿಗಿದಳು.

ಹೊಗೆ ತೆಳುವಾಯಿತು, ಏದುಸಿರು ಹೋಗಲಿಲ್ಲ. "ನೋಡಿದ್ಯಾ, ಹೇಳಿರ್ಲಿಲ್ವಾ ಪ್ರೆಶರ್ ಅಂತ," ಎಂದು ಗಂಡನ ಮುಖ ಅರಳಿತು.

ಅವಳು ಪಕ್ಕದ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಳು. ಒಳಗೆ ಒಂದು ಪುಟ್ಟ ದಿಂಬಿಗಾಗುವಷ್ಟು ನೂಲಿನ ಧೂಳು. ನೆರಳಿದೆ ಎಂದು ಗಂಡ ಗಾಡಿಯನ್ನು ದಿನಾ ನಿಲ್ಲಿಸುತ್ತಿದ್ದುದು ಬಟ್ಟೆ ಒಣಗಿಸುವ ಮೆಷಿನ್ನಿನ ಗಾಳಿ ಹೊರಬಿಡುವ ಕೊಳವೆಯ ಎದುರಿಗೇ. ಅದೇ ಧೂಳನ್ನು ಮೆಷಿನ್ನಿನ ಜಾಲರಿಯಿಂದ ಅವಳು ಹದಿನೈದು ವರ್ಷದಿಂದ ದಿನಾ ಸಂಜೆ ಕೀಳುತ್ತಿದ್ದಳು.

"ಉಸಿರಾಡೋಕೆ ಗಾಳಿ ಇಲ್ಲ ಅದಕ್ಕೆ. ಮೂರೂ ಜನ ಸೇರಿ ಬಾಯಿಗೆ ಡೀಸೆಲ್ ತುರುಕಿದ್ದೇ ತುರುಕಿದ್ದು," ಎಂದಳು.

ಫಿಲ್ಟರ್ ಝಾಡಿಸಿ ಹಾಕಿದ ಮೇಲೆ ಗಾಡಿ ಏರನ್ನು ಸಲೀಸಾಗಿ ಹತ್ತಿತು. ಹೆಡ್ ನರ್ಸ್ ಬೆಡ್‌ಶೀಟಿನ ಮೇಲೆ ಅಂಗೈ ಸವರಿ ನೋಡಿ, ರಸೀದಿಗೆ ಸಹಿ ಹಾಕಿದರು. ಗೇಟಿನ ಹೊರಗೆ ಬಂದು ಅವಳು ಗಾಡಿಯಲ್ಲೇ ಕೂತು ಒಂದು ಗಳಿಗೆ ಅತ್ತಳು.

ಮನೆಗೆ ಬಂದರೆ ಗಂಡ ಮಾವನಿಗೆ ವಿವರಿಸುತ್ತಿದ್ದ: "ನಾನು ಕೆಂಪು ಚುಕ್ಕೆ ಇಟ್ಟಿದ್ದಕ್ಕೆ ಇವತ್ತು ಉಳ್ಕೊಂಡ್ವಿ."

ಅವಳು ಒಳಗಿಂದ ನೇರಳೆ ಬಾಟಲಿ ತಂದು, ಸ್ಕ್ರೂ, ನಟ್ಟು ಎರಡೂ ಮುಚ್ಚಿಹೋಗುವಂತೆ ಸುರಿದಳು. "ಈ ಬಣ್ಣ ಒಂದು ಚೂರು ಕಿತ್ತಿದ್ರೂ, ಯಾರ ಉಗುರಲ್ಲಿ ಸಿಗತ್ತೋ ಅವರೇ ದಿನಾ ಬೆಡ್‌ಶೀಟು ಮಡಚೋದು."

ಎಂಟು ದಿನವೂ ಆಗಿಲ್ಲ. ಈಗ ಲಾಂಡ್ರಿಯಲ್ಲಿ ಮೂವರೂ ಸಾಲಾಗಿ ನಿಂತು ಬೆಡ್‌ಶೀಟು ಮಡಚುತ್ತಾರೆ.